ಆಕ್ಸಲ್ ಮೇಲಿನ ಬಿಳಿ ಗೆರೆ

ನೇರ ಹಾದಿಯಲ್ಲಿ ನಡೆಯುವ ಡ್ರ್ಯಾಗ್ ರೇಸಿನ ಕಾರುಗಳನ್ನು ಪರೀಕ್ಷಿಸಿ ಅನುಮತಿ ಕೊಡುವುದು ನನ್ನ ಕೆಲಸ. ಅರಸೀಕೆರೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಶಿವಣ್ಣ, ಎಂಜಿನ್ನಿನ ಶಕ್ತಿ ಹೆಚ್ಚಿಸಿದ್ದಕ್ಕೆಂದು ಹಾಕಿದ್ದ ಹಿಂಬದಿಯ ಚಕ್ರಗಳನ್ನು ತಿರುಗಿಸುವ ದಪ್ಪನೆಯ ಆಕ್ಸಲನ್ನು ಒಂದು ಓಟದ ಬಳಿಕ ಬಿಚ್ಚಿಟ್ಟಿದ್ದರು. ಅದರ ಉದ್ದಕ್ಕೂ ಬಿಳಿ ಗೆರೆ. "ಪೂಜೆ, ವಿಭೂತಿ ಎಲ್ಲ ಮನೆಯಲ್ಲಿರಲಿ" ಎಂದು ನಾನೇ ಒರೆಸಿದೆ.

"ವಿಭೂತಿ ಅಲ್ಲ ಸಾರ್, ಸೀಮೆಸುಣ್ಣ. ಓಟಕ್ಕೆ ಮುಂಚೆ ನೆಟ್ಟಗೆ ಎಳೆದಿದ್ದೆ. ಆಕ್ಸಲ್ ತಿರುಚಿದ್ರೆ ಗೆರೆನೂ ತಿರುಚಿರುತ್ತೆ. ನೀವು ನೋಡ್ದಾಗ ಹೆಂಗಿತ್ತು?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಇನ್ನೊಂದು ಎಳೆಯಿರಿ."

"ಈಗ ಎಳೆದ್ರೆ ನೆಟ್ಟಗೇ ಇರ್ತೈತಲ್ಲ ಸಾರ್."

ಮರುದಿನವೇ ರೇಸು, ಬೇರೆ ಆಕ್ಸಲ್ ಇಲ್ಲ. ಇದು ತಿರುಚಿದ್ದು, ಓಟದಲ್ಲಿ ಮುರಿದರೆ ಚಾಲಕನ ಜೀವಕ್ಕೇ ಸಂಚಕಾರ. ಅನುಮತಿ ನಿರಾಕರಿಸಿದೆ. ಫಾರಂ ಕಾರಣ ಕೇಳಿತ್ತು. ನಿಯಮವೆಂದರೆ ನಿಯಮ, ಬರೆದೆ: "ಪರೀಕ್ಷಕರು ಆಕ್ಸಲ್ ಒರೆಸಿದ್ದಾರೆ."