ಉಪಶಮನವೆಂದರೆ ವಾಸಿಯಲ್ಲ

ನೋವಿನ ಚಿಕಿತ್ಸೆಯನ್ನು ವೈದ್ಯಶಾಸ್ತ್ರದ ಹಿತ್ತಿಲಿನಿಂದ ನಡುಮನೆಗೆ ಕರೆತಂದವರಲ್ಲಿ, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಹಿರಿಯ ವೈದ್ಯೆ ಅಗ್ರಗಣ್ಯರು. ರೋಗಿಗಳಿಗೂ ಸಹೋದ್ಯೋಗಿಗಳಿಗೂ ಅವರು ‘ದೊಡ್ಡ ಡಾಕ್ಟರಮ್ಮ’. ಹೊಸ ವಾರ್ಡು ತೆರೆದಾಗ ಆಡಳಿತ ಮಂಡಳಿಯವರು ‘ಆರೋಗ್ಯಧಾಮ’ ಎಂದು ಹೆಸರಿಡಲು ಹೊರಟಿದ್ದರು. ಇವರು ಪಟ್ಟುಹಿಡಿದು ‘ಉಪಶಮನ ವಿಭಾಗ’ ಎಂದೇ ಬರೆಸಿದರು. ಗುಣವಾಗದವರಿಗೆ ಆರೋಗ್ಯದ ಆಸೆ ತೋರಿಸುವುದು ಅವರ ಜಾಯಮಾನಕ್ಕೆ ಒಗ್ಗದ ಕೆಲಸ.

ಆದರೆ ಸರಿಯಾದ ಪದವೂ ತಪ್ಪಾಗಿ ಕೇಳಿಸಬಹುದೆಂಬುದು ಅವರಿಗೆ ಮನವರಿಕೆಯಾದದ್ದು ಒಬ್ಬ ಬಡಗಿಯ ಹೆಂಡತಿಯಿಂದ. ಬಡಗಿಯ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ಇನ್ನು ಉಪಶಮನ ಚಿಕಿತ್ಸೆ ಶುರುಮಾಡುತ್ತೇವೆಂದು ಕಿರಿಯ ವೈದ್ಯರೊಬ್ಬರು ಹೇಳಿದ್ದೇ ತಡ, ಆಕೆ ಹೊರಗೆ ಹೋಗಿ, ಗಂಡ ಗುಣವಾಗುತ್ತಾರೆಂದು ನೆಂಟರಿಷ್ಟರಿಗೆಲ್ಲ ಫೋನು ಮಾಡಿಬಿಟ್ಟರು. ಆ ಸಂತೋಷ ನಾಲ್ಕು ದಿನ ಇರಲಿ ಬಿಡಿ ಎಂದರು ವಾರ್ಡಿನವರು. ಡಾಕ್ಟರಮ್ಮನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆಮೇಲೆ ಆಕೆಯನ್ನು ತಮ್ಮ ಕೋಣೆಗೆ ಕರೆದು, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು.

“ಉಪಶಮನ ಅಂದ್ರೆ ವಾಸಿ ಆಗೋದಲ್ಲಮ್ಮ. ಕಾಯಿಲೆ ಹೋಗಲ್ಲ. ನೋವನ್ನ ಮಾತ್ರ ಇಳಿಸ್ತೀವಿ.”

“ಹಾಗಾದ್ರೆ ಅದ್ಯಾವ ಸೀಮೆ ಔಷಧಿ?” ಎಂದು ಎದ್ದುಹೋದ ಆಕೆ ಕೆಲವು ದಿನ ಇವರ ಮುಖ ನೋಡಲಿಲ್ಲ. ಡಾಕ್ಟರಮ್ಮ ಸಮಾಧಾನ ಹೇಳಲು ಹೋಗಲಿಲ್ಲ. ಹೊತ್ತುಹೊತ್ತಿಗೆ ಬಡಗಿಯ ಹಾಸಿಗೆಯ ಬಳಿ ಬಂದು, ನೋವಿನ ಮದ್ದಿನ ಪ್ರಮಾಣವನ್ನು ಹದಕ್ಕೆ ತರುತ್ತ ಹೋದರು. ಮಲಗಲೂ ಕೂರಲೂ ಆಗದೆ ಹಲ್ಲುಕಚ್ಚಿಕೊಂಡಿದ್ದ ಬಡಗಿ ದಿಂಬಿಗೊರಗಿ ಊಟ ಮಾಡಿದರು. ಸ್ವಲ್ಪ ದಿನದಲ್ಲೇ ಮನೆಗೂ ಹೋದರು.

ಮಾತ್ರೆ ಒಯ್ಯಲು ಬಂದ ಹೆಂಡತಿಯನ್ನು, ಯಜಮಾನರು ಹೇಗಿದ್ದಾರೆಂದು ಡಾಕ್ಟರಮ್ಮ ವಿಚಾರಿಸಿದರು.

“ಅಡುಗೆಗೆ ಉಪ್ಪು ಕಮ್ಮಿ ಅಂತ ಜಗಳ ತೆಗೀತಾರೆ ಡಾಕ್ಟ್ರಮ್ಮ. ಮೊದ್ಲಿನ ಹಾಗೇ,” ಎಂದು ಆಕೆ ನಗುತ್ತಲೇ ಕಣ್ಣೊರೆಸಿಕೊಂಡರು.

ಹೆಚ್ಚು ಕಾಲವಿಲ್ಲವೆಂದು ತಿಳಿದಿದ್ದರಿಂದಲೇ ಆಕೆ, ಗಂಡನೊಡನೆ ಮಾತು ಬಿಟ್ಟಿದ್ದ ಭಾವನನ್ನು ತಾವೇ ಹೋಗಿ ಕರೆತಂದರು. ಅಣ್ಣತಮ್ಮಂದಿರು ಒಂದೇ ಮಂಚದ ಮೇಲೆ ಕೂತು ಬಾಲ್ಯದ ಕತೆಗಳನ್ನು ಹೇಳಿಕೊಂಡು ನಕ್ಕರು. ಬಡಗಿ ತಮ್ಮ ಮನೆಯಲ್ಲೇ, ನರಳದೆ ಕಣ್ಣುಮುಚ್ಚಿದರು.

ಅಂದಿನಿಂದ ಡಾಕ್ಟರಮ್ಮನ ಶಿಷ್ಯರಿಗೆಲ್ಲ ಒಂದೇ ಪಾಠ: ಪದ ಹೇಳಿ ಕೈತೊಳೆದುಕೊಳ್ಳಬಾರದು, ಕೇಳಿದವರು ಏನು ತಿಳಿದರೆಂದು ಅವರ ಬಾಯಿಂದಲೇ ಕೇಳಬೇಕು.

ಬೀಳ್ಕೊಡುಗೆಯ ಮಾತೆತ್ತಿದರೆ, ಆಸ್ಪತ್ರೆಗೆ ಬರಲಾಗದವರ ಮನೆಗಳಿಗೆ ಇನ್ನು ತಾವೇ ಹೋಗುವುದಾಗಿ ಹೇಳುತ್ತಿದ್ದಾರೆ. ಆ ಓಡಾಟಕ್ಕೆ ಬೇಕಾದ ಆಯುಸ್ಸೂ ಕಸುವೂ ಅವರಿಗೆ ತುಂಬಿ ಬರಲಿ. ಅವರು ಹೋಗಿಬಂದ ಮನೆಗಳಲ್ಲಿ ಆ ರಾತ್ರಿ ಎಲ್ಲರಿಗೂ ನಿದ್ದೆ ಹತ್ತಲಿ.