ಟೈಪಿಂಗ್ ಮೇಷ್ಟ್ರ ಇಂಗ್ಲಿಷ್ ಪಿಕ್ಚರ್

ಟೈಪಿಂಗ್ ಮೇಷ್ಟ್ರ ಎರಡೂ ಕಿರುಬೆರಳುಗಳು ಒಳಕ್ಕೆ ಬಾಗಿದ್ದವು. ವರ್ಷಗಟ್ಟಲೆ ಮೆಷಿನ್ನಿನ ತುದಿಯ ಕೀಗಳನ್ನು ಒತ್ತಿ ಒತ್ತಿ ಹಾಗಾಗಿದ್ದು. ಕಾಫಿ ಲೋಟ ಹಿಡಿದಾಗಲೂ ಅವು ಸುಮ್ಮನಿರದೆ ಲೋಟದ ಮೈ ತಟ್ಟುತ್ತಿದ್ದವು. ಕುಣಿಗಲ್ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಇನ್‌ಸ್ಟಿಟ್ಯೂಟ್, ಅದರ ಗೋಡೆಗೇ ಅಂಟಿಕೊಂಡು ಮನೆ. ತೊಂಬತ್ತರ ದಶಕದ ನಡುವಿನಲ್ಲಿ, ಪಿಯುಸಿ ಮುಗಿಸಿ ನಾನು ಅಲ್ಲಿಗೆ ಸೇರಿದೆ. ಅವರು ಹೋದ ಮೇಲೆ ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ದುಃಖ ಬರಲಿ, ಆಮೇಲೆ ಬರೆಯೋಣ ಅಂತ ಕಾಯುತ್ತೇನೆ. ಬರುವುದಿಲ್ಲ. ಬಾರದಿದ್ದರೆ ಬೇಡ, ಹಾಗೇ ಬರೆಯುತ್ತೇನೆ.

ಮೇಷ್ಟ್ರಿಗೆ ಇದ್ದದ್ದು ಒಂದೇ ಹುಚ್ಚು. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಹಾಲಿವುಡ್ಡಿನ ಸ್ಟುಡಿಯೋಗಳು ತೆಗೆದ ಕಪ್ಪು-ಬಿಳುಪು ಚಿತ್ರಗಳು. ಹರೆಯದಲ್ಲಿ ಪರೀಕ್ಷೆಗೆಂದು ಬೆಂಗಳೂರಿಗೆ ಹೋಗಿದ್ದಾಗ ಕಂಟೋನ್ಮೆಂಟಿನ ಟಾಕೀಸೊಂದರಲ್ಲಿ ಅಂಥದ್ದೊಂದು ನೋಡಿದ್ದರಂತೆ. ಆಮೇಲೆ ಅವನ್ನು ಯಾರೂ ಎಲ್ಲೂ ಹಾಕಲಿಲ್ಲ. ಕೊನೆಗೆ ಬೆಂಗಳೂರಿನ ಅವರ ಭಾವಮೈದ ಮನೆಗೆ ಡಿಶ್ ಹಾಕಿಸಿಕೊಂಡು, ಯಾವುದೋ ಚಾನಲ್ಲಿನಿಂದ ಕ್ಯಾಸೆಟ್ಟಿಗೆ ಇಳಿಸಿ ಕಳಿಸತೊಡಗಿದ. ಭಾನುವಾರ ಮಧ್ಯಾಹ್ನ ಮೆಷಿನ್ನುಗಳಿಗೆಲ್ಲ ಕವರ್ ಹೊದಿಸಿ, ಬೆಳಕು ಬೀಳದಂತೆ ಕಿಟಕಿಗೆ ಜಮಖಾನ ಇಳಿಬಿಟ್ಟು, ನಮ್ಮಂಥ ನಾಲ್ಕಾರು ಹುಡುಗಿಯರನ್ನು ಕೂರಿಸಿಕೊಂಡು ಮೇಷ್ಟ್ರು ವಿಸಿಪಿ ಹಾಕುತ್ತಿದ್ದರು.

ಆ ಚಿತ್ರಗಳಲ್ಲಿ ಎಲ್ಲಿ ನೋಡಿದರೂ ಪೇಪರ್ ಆಫೀಸು, ಟೈಪಿಸ್ಟ್ ಹುಡುಗಿಯರು. "ನೋಡ್ರಮ್ಮ, ಎರಡೇ ಬೆರ್ಳಲ್ಲಿ ಕುಟ್ತಾವ್ಳೆ! ಇವ್ಳು ಈ ಜನ್ಮದಲ್ಲಿ ಜೂನಿಯರ್ ಪರೀಕ್ಷೆ ಪಾಸಾಗಲ್ಲ" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಅದೇ ಹುಡುಗಿ ಅತ್ತರೆ ಕರಗಿ ನೀರಾಗುತ್ತಿದ್ದರು. "ಅಳ್ಬ್ಯಾಡ ಕಣವ್ವ, ಆ ಬಡ್ಡೀಮಗ ಕೊನೇ ರೀಲಲ್ಲಿ ಬಂದೇ ಬತ್ತಾನೆ." ಅಲ್ಲಿನ ಇಂಗ್ಲಿಷ್ ನಮಗೆ ಅರ್ಥವಾಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಅವರಿಗೂ ಅಷ್ಟಕ್ಕಷ್ಟೆ. "ಮಾತು ಹೋದ್ರೆ ಹೋಗ್ಲಿ ಬುಡಿ, ಮುಖ ನೋಡಿ" ಅನ್ನುತ್ತಿದ್ದರು.

ಇಷ್ಟು ಚೆನ್ನಾಗಿರೋದನ್ನ ಇನ್ನೂ ನಾಲ್ಕು ಜನ ನೋಡಲಿ ಎಂದು ಒಂದು ದಿನ ಬಾಗಿಲ ಬಳಿಯ ಕಪ್ಪುಹಲಗೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದರು: 'ಭಾನುವಾರ ಮಧ್ಯಾಹ್ನ ಹಳೆಯ ಇಂಗ್ಲಿಷ್ ಪಿಕ್ಚರ್. ಹೆಣ್ಣುಮಕ್ಕಳಿಗೆ ಮುಂದಿನ ಬೆಂಚು.'

ಅಯ್ಯೋ ಪುಣ್ಯಾತ್ಮ! ಆ ಕಾಲಕ್ಕೆ ನಮ್ಮ ಕಡೆ ಇಂಗ್ಲಿಷ್ ಪಿಕ್ಚರ್ ಅಂದರೆ ಒಂದೇ ಅರ್ಥ. ಬೆಳಗಿನ ಆಟಕ್ಕೆ ಗಂಡಸರು ತಲೆ ಮೇಲೆ ಟವೆಲ್ ಎಳೆದುಕೊಂಡು ನುಗ್ಗುತ್ತಿದ್ದ ಚಿತ್ರ. ಚಡ್ಡಿ ಹಾಕುವ ಹುಡುಗರಿಗೂ ಗೊತ್ತಿದ್ದ ಈ ಅರ್ಥ ಮೇಷ್ಟ್ರೊಬ್ಬರಿಗೆ ಗೊತ್ತಿರಲಿಲ್ಲ.

ಆ ಭಾನುವಾರ ಹುಡುಗಿಯರ ಅಪ್ಪಂದಿರು ಗುಂಪಾಗಿ ಬಂದರು. ಮೇಷ್ಟ್ರು ಖುಷಿಯಿಂದ ಬೆಂಚು ಒರೆಸಿ ಕೂರಿಸಿದರು. ಚಿತ್ರ ಮುಗಿಯುವವರೆಗೂ ಒಬ್ಬರೂ ಮಿಸುಕಲಿಲ್ಲ. ಕೊನೆಗೆ ಒಬ್ಬರು, "ಎಲ್ರೂ ಮೈತುಂಬಾ ಬಟ್ಟೆ ಹಾಕ್ಕೊಂಡವ್ರಲ್ಲಾ" ಅಂದರು. ಆ ಮುಖದಲ್ಲಿ ಇದ್ದದ್ದು ಸಮಾಧಾನವೋ ನಿರಾಸೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವರಲ್ಲಿ ಹಿರಿಯರೊಬ್ಬರು ಎದ್ದು ಕೈ ಮುಗಿದರು. "ನಿಮ್ದೇನೂ ತಪ್ಪಿಲ್ಲ ಮೇಷ್ಟ್ರೇ. ಆದ್ರೆ ನಾವು ನೋಡಿದ್ವಿ, ಊರು ನೋಡಿಲ್ವಲ್ಲ."

ಮಾರನೆಯ ದಿನದಿಂದ ಹುಡುಗಿಯರು ಬರಲಿಲ್ಲ. ನನ್ನನ್ನು ಬಿಡಿಸಲು ನಮ್ಮಪ್ಪನೂ ಬಂದರು. ನಾನು ಬಿಡುವುದಿಲ್ಲ ಅಂದೆ. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ, ಟೈಪಿಂಗ್ ಸೀನಿಯರ್ ಪರೀಕ್ಷೆ ಹತ್ತಿರವಿತ್ತು.

"ಹಲಗೆ ಮೇಲೆ ಬೇರೆ ಏನಾದ್ರೂ ಬರೀರಿ ಸರ್, ಹಳೇ ವಿದೇಶಿ ಚಿತ್ರ ಅಂತ" ಎಂದು ನಾನೇ ಹೇಳಿದೆ.

"ಈಗ ಅಳಿಸಿದ್ರೆ ತಪ್ಪು ಮಾಡಿದ್ದೆ ಅಂತ ಒಪ್ಕೊಂಡಂಗೆ ಕಣಮ್ಮ" ಅಂದರು. ಹಲಗೆ ಹಾಗೇ ಉಳಿಯಿತು. ಹೆಸರು ಕೆಟ್ಟಿತು, ಮೆಷಿನ್ನುಗಳು ಒಂದೊಂದಾಗಿ ಕವರಿನೊಳಗೇ ಉಳಿದವು. ಭಾನುವಾರ ಖಾಲಿ ಬೆಂಚುಗಳ ಮುಂದೆ ಪಿಕ್ಚರ್ ಮಾತ್ರ ನಡೆಯುತ್ತಿತ್ತು.

ಗುಬ್ಬಿ ಕಡೆಯಿಂದ ನನಗೊಂದು ಸಂಬಂಧ ಬಂತು. ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ ಗಂಡಿನ ಸೋದರಮಾವ, "ಆ ಪಿಕ್ಚರ್ ಮೇಷ್ಟ್ರ ಹತ್ರ ಕಲ್ತಿದ್ದು ಇದೇ ಹುಡ್ಗೀನಾ?" ಎಂದು ಕೇಳಿದ. ಅಲ್ಲಿಗೆ ಮುಗಿಯಿತು. ಅಮ್ಮ ಅತ್ತರು. ನನಗೆ ಏನೂ ಅನ್ನಿಸಲಿಲ್ಲ. ಸೀನಿಯರ್ ಪಾಸಾದೆ, ತುಮಕೂರಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು, ಕ್ಯಾತ್ಸಂದ್ರದಲ್ಲಿ ರೂಮು ಮಾಡಿದೆ. ಈ ಅನ್ನ ಅವರು ಕೊಟ್ಟ ವಿದ್ಯೆಯದು. ಅದನ್ನು ಅವರ ಮುಂದೆ ಒಮ್ಮೆಯೂ ಹೇಳಲಿಲ್ಲ.

ಎರಡು ಸಾವಿರದ ಈಚೆಗೆ ಕಂಪ್ಯೂಟರ್ ಸೆಂಟರುಗಳು ಬಂದವು, ಇನ್‌ಸ್ಟಿಟ್ಯೂಟ್ ಮುಚ್ಚಿತು. ಕೆಲವು ವರ್ಷಕ್ಕೆ ಮೇಷ್ಟ್ರೂ ಹೋದರು. ಸುದ್ದಿ ತಿಳಿದು ಹೊರಡುವಷ್ಟರಲ್ಲಿ ಕಾರ್ಯವೆಲ್ಲ ಮುಗಿದಿತ್ತು. ನಾನು ಹೋದಾಗ ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನೂ ಮೊರಕ್ಕೆ ಕೈ ಹಾಕಿದೆ.

ಆಮೇಲೆ ಅವರು ಹೊರಗೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು. "ತಪ್ಪು ತಿಳ್ಕೋಬ್ಯಾಡ ಕಣವ್ವ. ನೀನು ನೋಡಿದ್ಯಲ್ಲ... ಆ ಪಿಕ್ಚರ್‌ನಾಗೆ ಏನಿರ್ತಿತ್ತು?"

ಸುಲಿದ ಕಾಳನ್ನು ಮೊರಕ್ಕೆ ಹಾಕಿ ಹೇಳಿದೆ. "ಗಂಡ ಹೆಂಡ್ತಿ ಜಗಳ ಆಡ್ತಾರೆ, ನಗಿಸ್ತಾರೆ, ಕೊನೇಲಿ ಒಂದಾಗ್ತಾರೆ. ಮನೆಮಂದಿಯೆಲ್ಲ ಕೂತ್ಕೊಂಡು ನೋಡೋವಂಥದ್ದು ಅಮ್ಮ."

"ಅಷ್ಟೇನಾ?"

"ಅಷ್ಟೇ."

ಅವರ ಕೈ ನಿಂತಿತು. "ಭಾನ್ವಾರ ಭಾನ್ವಾರ ಕರೆಯೋರು, ಬಾರೇ, ನಿಂಗೂ ಇಷ್ಟ ಆಯ್ತದೆ ಅಂತ. ಥೂ, ನಾಚ್ಕೆ ಇಲ್ವಾ ಅಂತ ಉಗಿದು ಕಳಿಸ್ತಿದ್ದೆ. ಕೊನೆಕೊನೆಗೆ ಕರೆಯೋದೂ ಬಿಟ್ರು."