ಮೂಲೆಯಿಲ್ಲದ ಗಾಣದ ಮನೆ

ಕಿರ್ರ್… ಕುಂಯ್… ಕಿರ್ರ್. ಕಲ್ಲುಗಾಣದೊಳಗೆ ಮರದ ದಿಂಡು ತಿರುಗುವ ಆ ಸದ್ದು ಕಿವಿಗೆ ಬಿದ್ದರೆ ತಿಮ್ಮಕ್ಕನ ಮನೆ ಹತ್ತಿರವಾಯಿತೆಂದೇ ಲೆಕ್ಕ. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಮಧುಗಿರಿ ಪಕ್ಕದ ಆ ಹಳ್ಳಿಗೆ ಬಂದ ನನಗೆ ಸಿಕ್ಕ ಮೊದಲ ಫ್ರೆಂಡ್ ಅವಳು. ಕಾನ್ವೆಂಟಿನಲ್ಲಿ ಓದಿದ ನನ್ನನ್ನು ‘ಇಂಗ್ಲೀಸಮ್ಮ’ ಎಂದೇ ಕರೆಯುತ್ತಿದ್ದಳು.

ಆಮೇಲೆ ಎಷ್ಟೋ ಊರು ನೋಡಿದೆ. ಅಂಥ ಆರ್ಕಿಟೆಕ್ಚರ್ ಇನ್ನೆಲ್ಲೂ ಕಾಣಲಿಲ್ಲ. ಅವಳ ಗಂಡನ ಮುತ್ತಾತ ಮೊದಲು ಗಾಣದ ಕಲ್ಲನ್ನು ಬಯಲಲ್ಲಿ ಹೂತು, ಎತ್ತು ಕಟ್ಟಿ ಸುತ್ತಿಸಿದನಂತೆ. ಗೊರಸಿನ ಜಾಡು ಬಿದ್ದ ಮೇಲೆ ಅದರಾಚೆಗೆ ಮಣ್ಣಿನ ಗೋಡೆ ಎಬ್ಬಿಸಿದ. ಹಾಗಾಗಿ ನಡುಕೋಣೆ ಬಳೆಯಂತೆ ದುಂಡಗೆ. ಒಲೆ, ಮಲಗುವ ಜಗುಲಿ, ದೀಪದ ಗೂಡು ಎಲ್ಲ ಅದರ ಹೊರಮೈಗೇ ಆತುಕೊಂಡು ದುಂಡಗೇ ಸುತ್ತಿದ್ದವು. ಎತ್ತಿನ ಪಕ್ಕೆ ಉಜ್ಜಿ ಉಜ್ಜಿ ಗೋಡೆಯ ಒಳಮೈ ಸುತ್ತ ಒಂದು ಪಟ್ಟಿ ಪಾಲಿಶ್ ಹಾಕಿದಂತೆ ಹೊಳೆಯುತ್ತಿತ್ತು.

ತಿಮ್ಮಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅಂಥವಳನ್ನು ಮನೆಯ ಮೂಲೆಯಲ್ಲಿ ಕೂರಿಸುವುದು ಆಗಿನ ಪದ್ಧತಿ. ಅವಳೋ ತಿಥಿ ಮುಗಿದ ಮಾರನೆಯ ಬೆಳಿಗ್ಗೆಯೇ ಎತ್ತು ಕಟ್ಟಿದಳಂತೆ. ಹೇಗೆ ಬಿಟ್ಟರು ಎಂದು ಕೇಳಿದ್ದಕ್ಕೆ, ಗಾಣದ ಹಿಂಡಿ ಕೆದಕುತ್ತಲೇ ಹೇಳಿದಳು: “ಕೂರ್ಸಕ್ಕೇ ಬಂದಿದ್ರು ಕಣಮ್ಮ. ಈ ಮನೇಲಿ ಮೂಲೆ ಎಲ್ಲೈತೆ, ಹುಡುಕ್ಬುಟ್ಟು ಯೋಳ್ರಿ, ಬಂದು ಕುಂತ್ಕಂತೀನಿ ಅಂದೆ. ಇನ್ನೂ ಹುಡುಕ್ತಾ ಅವ್ರೆ.”

ನಮ್ಮ ಮನೆಗೆ ಬಂದರೆ, ಕಸ ಕೂರಲಿ, ಸೊಸೆ ಅಳಲಿ ಅಂತ ಇಷ್ಟೊಂದು ಮೂಲೆ ಕಟ್ಟಿಸಿದ್ದಾರೆ ಎಂದು ಹಂಗಿಸುವಳು. ಅದೂ ನನ್ನ ಅತ್ತೆಯ ಕಿವಿಗೆ ಬೀಳುವ ಹಾಗೆ.

ಸೋಮವಾರ ಬಸವನ ಹೆಗಲಿಗೆ ನೊಗ ಇಡುವಂತಿಲ್ಲ. ಅವತ್ತು ಗಾಣಕ್ಕೆ ರಜೆ. ಅವಳು ಸಿದ್ದರಬೆಟ್ಟಕ್ಕೆ ಹೋಗುತ್ತಿದ್ದಳು. ಗಂಡನ ತಮ್ಮ ರಂಗಪ್ಪ ಕಾದದ್ದು ಅದನ್ನೇ. ಎಂಬತ್ತರ ದಶಕ ಬಂದಿತ್ತು, ಅವನಿಗೆ ಕರೆಂಟಿನ ಎಣ್ಣೆ ಮಿಷನ್ ಕೂರಿಸುವ ಆಸೆ. ಅಣ್ಣ ಸತ್ತಾಗಲೇ ಮನೆ ಅವನ ಹೆಸರಿಗೆ ಹೋಗಿತ್ತು; ಅವಳನ್ನು ಯಾರು ಕೇಳಿದರು? ಒಂದು ಸೋಮವಾರ ಅವಳು ಬೆಟ್ಟದಿಂದ ಬರುವಷ್ಟರಲ್ಲಿ ದುಂಡುಗೋಡೆ ಮಾಡಿನ ಸಮೇತ ನೆಲ ಕಚ್ಚಿತ್ತು. ಗಾಣದ ಕಲ್ಲು ಸೀಳಿಸಿಕೊಂಡು ಬೀದಿಯಲ್ಲಿ ಬಿದ್ದಿತ್ತು. ಗೋಡೆ ಕೆಡವುವ ಮೊದಲು ಹೊರತರಲು ಹೋದರೆ ಬಾಗಿಲಲ್ಲಿ ಹಿಡಿಸಲಿಲ್ಲ, ಅದಕ್ಕೇ ಒಡೆಸಿದೆ ಎಂದ. ಮನೆಗಿಂತ ಮೊದಲು ಬಂದು ಕೂತ ಕಲ್ಲು ಬಾಗಿಲಲ್ಲಿ ಹೇಗೆ ಹಿಡಿಸೀತು?

ಊರಿಗೆ ಊರೇ ಅದನ್ನು ಇಂಪ್ರೂವ್‌ಮೆಂಟ್ ಎಂದಿತು. ನಾನು ರಂಗಪ್ಪನನ್ನು ಬೀದಿಯಲ್ಲೇ ನಿಲ್ಲಿಸಿ ಕೇಳಿದೆ. “ಅತ್ಗೆಗೆ ಇನ್ನೇನ್ ಕಷ್ಟ ಬುಡಿ ಅಮ್ಮಾವ್ರೇ, ಸುಮ್ಕೆ ಕುಂತ್ಕಂಡು ಉಣ್ಲಿ,” ಎಂದ. ಉಪಕಾರ ಮಾಡಿದವನ ಮುಖ ಮಾಡಿಕೊಂಡು! ಈ ವಯಸ್ಸಿನಲ್ಲೂ ಆ ಮಾತು ನೆನೆದರೆ ನನಗೆ ಮೈ ಉರಿಯುತ್ತದೆ.

ಯಜಮಾನರಿಗೆ ಟ್ರಾನ್ಸ್‌ಫರ್ ಆದಾಗ ಹೇಳಿ ಬರಲು ಹೋದೆ. ಚೌಕದ ಸಿಮೆಂಟು ಕೋಣೆ, ನಡುವೆ ಮಿಷನ್ನಿನ ಅಬ್ಬರ. ಎರಡು ಗೋಡೆ ಕೂಡುವಲ್ಲಿ ಚಾಪೆ ಹಾಕಿಕೊಂಡು ತಿಮ್ಮಕ್ಕ ಕೂತಿದ್ದಳು. ಕೈಯಲ್ಲಿ ಎಣ್ಣೆಯ ಜಿಡ್ಡಿರಲಿಲ್ಲ. ನನ್ನನ್ನು ಕಂಡೂ ಎದ್ದು ಬರಲಿಲ್ಲ. ಹತ್ತಿರ ಹೋಗಿ ಬಗ್ಗಿದೆ.

“ಹುಡುಕ್ಬುಟ್ರು ಕಣಮ್ಮ,” ಎಂದಳು.